ಕೆಎ 20 ಕಾರನ್ನು ಜರ್ಮನಿಯಲ್ಲಿ ಮಾರಿ ಬರಬಹುದೇ?

ಪ್ರಶ್ನೆ: ನನ್ನ ಅಣ್ಣ, ಅತ್ತಿಗೆ ಉಡುಪಿಯಿಂದ ಕೆಎ 20 ನೋಂದಣಿಯ ಡೀಸೆಲ್ ಎಸ್‌ಯುವಿಯಲ್ಲಿ (2018ರ ಮಾಡೆಲ್, ಬಿಎಸ್ 4) ಯುರೋಪಿಗೆ ಹೋಗಿದ್ದಾರೆ. ಮುಂಬೈಯಿಂದ ದುಬೈಗೆ ಕಾರು ಹಡಗಿನಲ್ಲಿ ಹೋಯಿತು. ಅಲ್ಲಿಂದ ಫೆರಿಯಲ್ಲಿ ಇರಾನ್, ಮುಂದೆ ಟರ್ಕಿ, ಬಲ್ಗೇರಿಯಾ ದಾಟಿ ಈಗ ಜರ್ಮನಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಅಲ್ಲೇ ಕೆಲಸದಲ್ಲಿದ್ದಾನೆ. ಕಾರು ಯುರೋಪಿಗೆ ಬಂದು ಎರಡು ತಿಂಗಳಾಯಿತು. ವೀಸಾ ಇನ್ನು 24 ದಿನ, ಕಾರ್ನೆಟ್ (ಕಾರನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಬೇರೆ ದೇಶಗಳಿಗೆ ಒಯ್ಯುವ ಕಸ್ಟಮ್ಸ್ ಪುಸ್ತಕ) ಇನ್ನು ನಾಲ್ಕು ತಿಂಗಳು ಉಂಟು. ಅಲ್ಲಿಯ ಗ್ಯಾರೇಜಿನವರೊಬ್ಬರು 7,000 ಯೂರೋಗೆ ಕೇಳುತ್ತಿದ್ದಾರೆ. "ಕೀ ಕೊಟ್ಟು ಹೋಗಿ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ" ಎನ್ನುತ್ತಾರಂತೆ. ಹಡಗಿನ ಖರ್ಚು ಉಳಿಯುತ್ತದೆಂದು ಅಣ್ಣನಿಗೆ ಮಾರುವ ಮನಸ್ಸು. ಮಾರಬಹುದೇ? ಉಡುಪಿಯಲ್ಲಿ ನಾನೇನು ಮಾಡಿಸಬೇಕು?

ಉತ್ತರ: ಕೀ ಕೊಟ್ಟು ವಿಮಾನ ಹತ್ತಬೇಡಿ ಎಂದು ಅಣ್ಣನಿಗೆ ಇವತ್ತೇ ಫೋನ್ ಮಾಡಿ ತಿಳಿಸಿ. ಮಾರಲೇಬಾರದು ಎಂದು ಹೇಳುತ್ತಿಲ್ಲ. ಆದರೆ ಕಸ್ಟಮ್ಸ್ ಲೆಕ್ಕ ಮುಗಿಯುವ ಮುಂಚೆ ಕಾರು ಕೈಬಿಟ್ಟರೆ, ದುಡ್ಡು ಕೈಗೆ ಬಂದ ಮೇಲೂ ಕಾರಿನ ಹೊಣೆ ಅಣ್ಣನ ತಲೆಯ ಮೇಲೆಯೇ ಉಳಿಯುತ್ತದೆ. ಪರದೇಶದಲ್ಲಿ ಕಾರು ಮಾರುವಾಗ ಗಿರಾಕಿಯನ್ನು ಹುಡುಕುವುದು ಕೊನೆಯ ಕೆಲಸ. ಮೊದಲು ಕಾರು ಆ ದೇಶದೊಳಗೆ ಯಾವ ಲೆಕ್ಕದಲ್ಲಿ ನಿಂತಿದೆ ಎಂದು ನೋಡಬೇಕು.

ಬಲ್ಗೇರಿಯಾದ ಕಪಿತಾನ್ ಆಂಡ್ರೆಯೆವೊ ಗಡಿಯಲ್ಲಿ ಒಳಗೆ ಬಂದಾಗ ಯಾರೂ ಸುಂಕ ಕೇಳಿರಲಿಕ್ಕಿಲ್ಲ, ಕಾರಿನ ಬಗ್ಗೆ ಒಂದು ಚೀಟಿಯನ್ನೂ ಕೊಟ್ಟಿರಲಿಕ್ಕಿಲ್ಲ. ಹಾಗೆಂದು ಸುಂಕ ಮಾಫಿ ಆಗಿಲ್ಲ. ಐರೋಪ್ಯ ಒಕ್ಕೂಟದ ಹೊರಗೆ ನೋಂದಣಿಯಾದ, ಹೊರಗೆ ವಾಸಿಸುವವರ ಖಾಸಗಿ ಕಾರಿಗೆ ಅಲ್ಲಿ ತಾತ್ಕಾಲಿಕ ಪ್ರವೇಶದ ಸೌಲಭ್ಯ ಉಂಟು. ಗಡಿ ದಾಟಿದ್ದೇ ಅರ್ಜಿ, ಒಳಗೆ ಬಿಟ್ಟದ್ದೇ ಮಂಜೂರಾತಿ. ಅವಧಿ ಆರು ತಿಂಗಳು. ಅಷ್ಟರೊಳಗೆ ಕಾರು ಒಕ್ಕೂಟದಿಂದ ಹೊರಗೆ ಹೋಗಬೇಕು, ಇಲ್ಲವೇ ಸುಂಕ ಕಟ್ಟಿ ಅಲ್ಲಿಯದೇ ಸರಕಾಗಬೇಕು. ನಮ್ಮಲ್ಲೂ ಕ್ರಮ ಹೀಗೆಯೇ. ಮಲ್ಪೆ, ಗೋಕರ್ಣದ ಕಡೆ ಆಗೀಗ ಕಾಣುವ ಜರ್ಮನ್ ನಂಬರಿನ ವ್ಯಾನುಗಳು ಕಾರ್ನೆಟ್ ಮೇಲೆ ಆರು ತಿಂಗಳಿಗೆ ಬಂದವು. ಅವನ್ನು ಇಲ್ಲಿ ಯಾರೂ ಕೊಂಡು ನೋಂದಾಯಿಸಲಾರರು. ಹಳೆಯ ವಾಹನದ ಆಮದಿಗೆ ನಮ್ಮ ಷರತ್ತುಗಳು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು ಎನ್ನುತ್ತವೆ. ಯುರೋಪ್ ಅಷ್ಟು ಬಿಗಿಯಲ್ಲ, ಆದರೆ ಬಾಗಿಲು ತೆರೆದಿಟ್ಟೂ ಇಲ್ಲ.

ಇದರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಷರತ್ತು ನಿಮ್ಮ ಮನೆಗೇ ತಗಲುತ್ತದೆ. ನಿಮ್ಮ ಅಣ್ಣನ ಮಗ ಈಗ ಜರ್ಮನಿಯ ನಿವಾಸಿ. ಒಕ್ಕೂಟದ ನಿವಾಸಿಗಳು ಇಂಥ ಕಾರನ್ನು ಓಡಿಸುವ ಹಾಗಿಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರು ಒಕ್ಕೂಟದೊಳಗೇ ಇದ್ದು, ಅವರು ಹೇಳಿದ್ದಕ್ಕೆ ಅಪರೂಪಕ್ಕೊಮ್ಮೆ ಓಡಿಸಿದರೆ ತಪ್ಪಲ್ಲ. ಅಣ್ಣ ವಿಮಾನ ಹತ್ತಿದ ಮರುದಿನ ಅದೇ ಕಾರಿನಲ್ಲಿ ಮಗ ಹಾಲು ತರಲು ಹೋದರೂ ನಿಯಮ ಮುರಿದ ಹಾಗೆ, ಸುಂಕದ ಬಾಕಿ ಆ ಕ್ಷಣಕ್ಕೇ ಹುಟ್ಟುತ್ತದೆ. ಗ್ಯಾರೇಜಿನವರಿಗೆ ಕೀ ಕೊಟ್ಟರೂ ಅಷ್ಟೆ. ಆಗ ಕಸ್ಟಮ್ಸಿನವರು ಕಾರು ತಂದವರನ್ನೂ ಇಟ್ಟುಕೊಂಡವರನ್ನೂ ಒಟ್ಟಿಗೆ ಹಿಡಿಯಬಹುದು. "ಆಮೇಲೆ ನೋಡಿಕೊಳ್ಳೋಣ" ಎಂದವರು ಪ್ರಾಮಾಣಿಕರೇ ಇರಬಹುದು, ಆದರೆ ಈ ಮಾತಿನಲ್ಲಿ ಅವರಿಗೂ ಅಪಾಯ ಉಂಟೆಂದು ಬಹುಶಃ ಅವರಿಗೆ ಗೊತ್ತಿಲ್ಲ.

ಎರಡು ಗಡುವುಗಳನ್ನು ಒಂದೇ ಎಂದು ತಿಳಿಯಬೇಡಿ. ಮನುಷ್ಯರಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಲೆಕ್ಕ, 180 ದಿನದಲ್ಲಿ 90 ದಿನ. ಕಾರಿಗೆ ಆರು ತಿಂಗಳು. ಅಣ್ಣ 24 ದಿನದಲ್ಲಿ ಹೊರಡಲೇಬೇಕು, ಕಾರು ಇನ್ನೂ ಸುಮಾರು ನಾಲ್ಕು ತಿಂಗಳು ಇರಬಹುದು. ಮಾರುವುದಾದರೂ ವಾಪಸು ಕಳಿಸುವುದಾದರೂ ಸಹಿ ಬೇಕಾದ ಕೆಲಸವೆಲ್ಲ ಈ 24 ದಿನದಲ್ಲೇ ಮುಗಿಯಲಿ. ಊರಿಗೆ ಬಂದ ಮೇಲೆ ಇಲ್ಲಿಂದ ಪವರ್ ಆಫ್ ಅಟಾರ್ನಿ ಬರೆದು ಕಳಿಸಿ ಅದನ್ನು ಜರ್ಮನ್ ಕಚೇರಿಯಲ್ಲಿ ಒಪ್ಪಿಸುವುದು ಬಲು ತ್ರಾಸ. ಕಾರು ಒಳಗೆ ಬಂದ ದಿನಕ್ಕೆ ಸಾಕ್ಷಿಯಾಗಿ ಗಡಿಯಲ್ಲಿ ಕೊಂಡ ವಿಮೆಯ ಕಾಗದವನ್ನು ಜೋಪಾನವಾಗಿಡಿ. ಪಾಸ್‌ಪೋರ್ಟಿಗೆ ಮೊಹರು ಒತ್ತುವ ಬದಲು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ 2025ರ ಅಕ್ಟೋಬರಿನಿಂದ ಅಲ್ಲಿ ಶುರುವಾಗಿದೆ. ಹಾಗಾಗಿ ಕೈಯಲ್ಲಿ ಹಿಡಿದು ತೋರಿಸಲು ಉಳಿಯುವುದು ಆ ವಿಮೆಯ ಕಾಗದವೇ.

ಈಗ 7,000 ಯೂರೋದ ಲೆಕ್ಕ. ಪ್ರಯಾಣಿಕರ ಕಾರಿಗೆ ಒಕ್ಕೂಟದ ಸಾಮಾನ್ಯ ಆಮದು ಸುಂಕ 10 ಪರ್ಸೆಂಟ್. ಸುಂಕ ಸೇರಿಸಿದ ಮೊತ್ತದ ಮೇಲೆ ಜರ್ಮನಿಯ ವ್ಯಾಟ್ 19 ಪರ್ಸೆಂಟ್. ಕಾರಿಗೆ 7,000, ಸುಂಕ ಬೇರೆ ಎಂದಾದರೆ 700 ಸುಂಕ, 7,700ರ ಮೇಲೆ 1,463 ವ್ಯಾಟ್, ಒಟ್ಟು 2,163 ಯೂರೋವನ್ನು ಕೊಳ್ಳುವವರು ಕಟ್ಟಬೇಕು. "ಎಲ್ಲ ಸೇರಿ 7,000" ಎಂಬುದು ಅವರ ಮಾತಾಗಿದ್ದರೆ ಲೆಕ್ಕ ಹಿಂದಿನಿಂದ ಬರುತ್ತದೆ. 7,000ವನ್ನು 1.309ರಿಂದ (1.10 × 1.19) ಭಾಗಿಸಿ. ಅಣ್ಣನ ಕೈಗೆ ದಕ್ಕುವುದು ಸುಮಾರು 5,348. ಈ ಎರಡರಲ್ಲಿ ಯಾವುದು ಅವರ ಮಾತು ಎಂದು ಇವತ್ತೇ ಬರೆಸಿಕೊಳ್ಳಿ. ಒಪ್ಪಂದದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. ಕಸ್ಟಮ್ಸಿನವರು ಮಾರುಕಟ್ಟೆ ದರಕ್ಕೆ ಹೋಲಿಸಿ ನೋಡುತ್ತಾರೆ, ಸುಳ್ಳು ಬೆಲೆಗೆ ಸಹಿ ಹಾಕಿದವರಲ್ಲಿ ಒಬ್ಬರು ನಿಮ್ಮ ಅಣ್ಣ ಆಗಿರುತ್ತಾರೆ.

ಸುಂಕ ಕಟ್ಟಿದ ಮಾತ್ರಕ್ಕೆ ಜರ್ಮನ್ ನಂಬರ್ ಪ್ಲೇಟು ಸಿಗುವುದಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲಿಯೇ. ಯುರೋಪಿಗೆಂದು ತಯಾರಾದ ಕಾರಿಗೆ ಅಲ್ಲಿಯ ನಿಯಮಗಳಿಗೆ ಸರಿಹೊಂದುತ್ತದೆ ಎಂಬ ಕಂಪನಿಯ ಅನುರೂಪತಾ ಪತ್ರ ಇರುತ್ತದೆ, ಅದನ್ನು ತೋರಿಸಿದರೆ ಸಾಕು. ಭಾರತದ ಮಾರುಕಟ್ಟೆಗೆ ತಯಾರಾದ ಕಾರಿಗೆ ಅದಿಲ್ಲ. ವಾಹನದ ಬಿಡಿಭಾಗಗಳ ಪರೀಕ್ಷೆಯನ್ನು ಪರಸ್ಪರ ಒಪ್ಪಿಕೊಳ್ಳುವ 1958ರ ಜಿನೀವಾ ಒಪ್ಪಂದದಲ್ಲಿ ಭಾರತ ಸೇರಿಲ್ಲ. ಹಾಗಾಗಿ ಒಂಟಿ ವಾಹನದ ಪೂರ್ಣ ತಪಾಸಣೆಗೆ ಟ್ಯೂಫ್ ಅಥವಾ ಡೆಕ್ರಾ ಸಂಸ್ಥೆಯ ಎಂಜಿನಿಯರರ ಮುಂದೆ ಕಾರನ್ನು ನಿಲ್ಲಿಸಬೇಕು. ಅವರು ಬಲ್ಬಿನ ಗಾಜಿನಿಂದ ಹಿಡಿದು ಸೈಲೆನ್ಸರಿನವರೆಗೆ ಒಂದೊಂದರ ಮೇಲೂ ವೃತ್ತದೊಳಗಿನ ಇ ಅಕ್ಷರದ ಗುರುತು ಹುಡುಕುತ್ತಾರೆ.

ಹೆಡ್‌ಲೈಟನ್ನೇ ನೋಡಿ. ರಾತ್ರಿ ಕಾರನ್ನು ಗೋಡೆಯಿಂದ ಐದಾರು ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿದರೆ, ಬೆಳಕಿನ ಮೇಲಂಚು ಬಲಗಡೆ ನೇರ ಗೆರೆಯಾಗಿ ಹೋಗಿ ಎಡಗಡೆ ಮೇಲಕ್ಕೆ ಏರುವುದು ಕಾಣುತ್ತದೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಆ ಏರು ರಸ್ತೆಯ ಅಂಚನ್ನೂ ನಡೆದು ಹೋಗುವವರನ್ನೂ ತೋರಿಸುತ್ತದೆ. ಬಲಬದಿಯಲ್ಲಿ ಓಡಿಸುವ ಜರ್ಮನಿಯಲ್ಲಿ ಅದೇ ಏರು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಪ್ರವಾಸಿಗರು ಗಾಜಿನ ಆ ಭಾಗಕ್ಕೆ ಕಪ್ಪು ಟೇಪು ಅಂಟಿಸಿ ಸುಧಾರಿಸುತ್ತಾರೆ, ನೋಂದಣಿಗೆ ಅದು ನಡೆಯುವುದಿಲ್ಲ, ದೀಪವನ್ನೇ ಬದಲಿಸಬೇಕು. ಆ ಮಾಡೆಲ್ ಯುರೋಪಿನಲ್ಲಿ ಮಾರಾಟವಾಗಿದ್ದರೆ ದೀಪ ಸಿಗುತ್ತದೆ. ಭಾರತದಲ್ಲಿ ಮಾತ್ರ ಮಾರಾಟವಾಗುವ ಎಸ್‌ಯುವಿಗೆ ಅಂಥ ದೀಪ ಯಾರೂ ತಯಾರಿಸಿಯೇ ಇರುವುದಿಲ್ಲ, ಮಾತು ಅಲ್ಲಿಗೆ ಮುಗಿಯಿತು. ಹಿಂದಿನ ಮಂಜುದೀಪ ಎಡಗಡೆ ಅಥವಾ ನಡುವೆ ಇರಬೇಕು. ಕಿಟಕಿಯ ಗಾಜಿನ ಮೂಲೆಯಲ್ಲಿ ನಮ್ಮ ಐಎಸ್ 2553 ಗುರುತು ಮಾತ್ರ ಇದ್ದು ಇ ಗುರುತು ಇಲ್ಲದಿದ್ದರೆ ಅದಕ್ಕೂ ತಕರಾರು.

ದೀಪ, ಗಾಜಿನ ಮಾತು ಹೇಗಾದರೂ ಸುಧಾರಿಸಿತೆನ್ನಿ, ಹೊಗೆಯ ವಿಷಯ ಸುಧಾರಿಸುವುದಿಲ್ಲ. ನಮ್ಮ ಹೊಗೆ ಮಾನದಂಡವಾದ ಬಿಎಸ್ 4 ಹೆಚ್ಚುಕಡಿಮೆ ಯುರೋಪಿನ ಯೂರೋ 4ಕ್ಕೆ ಸಮ. ಯುರೋಪಿನಲ್ಲಿ 2015ರ ಸೆಪ್ಟೆಂಬರಿನಿಂದ ಹೊಸದಾಗಿ ನೋಂದಣಿಯಾಗುವ ಕಾರುಗಳಿಗೆಲ್ಲ ಯೂರೋ 6 ಕಡ್ಡಾಯವಾಗಿದೆ, ನಿಮ್ಮ ಕಾರು ಮೊದಲು ರಸ್ತೆಗಿಳಿದದ್ದು 2018ರಲ್ಲಿ. ನಮ್ಮಲ್ಲಿ ಬಿಎಸ್ 6 ಬಂದದ್ದು 2020ರ ಏಪ್ರಿಲಿನಲ್ಲಿ. ಆ ಮುಂಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಸಾಮಾನ್ಯವಾಗಿ ಇರುವುದಿಲ್ಲ, ಹೊರಗಿನಿಂದ ಅದನ್ನು ಕೂರಿಸಿದರೂ ಎಂಜಿನ್ನಿನ ಕಂಪ್ಯೂಟರಿಗೆ ಅದರ ಲೆಕ್ಕ ಗೊತ್ತಿಲ್ಲ. ಈ ಕಾರು ಜರ್ಮನ್ ನಂಬರಿನಲ್ಲಿ ರಸ್ತೆಯ ಮೇಲೆ ಓಡುತ್ತದೆ ಎಂಬ ಆಸೆ ಇಟ್ಟುಕೊಳ್ಳುವುದು ಬೇಡ.

ಮತ್ತೊಂದು ತೊಡಕು ನಮ್ಮ ಕರಾವಳಿಯದೇ. ಉಪ್ಪುಗಾಳಿಯಲ್ಲಿ ಆರೇಳು ಮಳೆಗಾಲ ಕಂಡ ಕಾರಿನ ಅಡಿಯಲ್ಲಿ ಬಾಗಿಲ ಕೆಳಗಿನ ಪಟ್ಟಿ, ಬ್ರೇಕ್ ಪೈಪು, ಸಬ್‌ಫ್ರೇಮಿನ ಮೂಲೆ ತುಕ್ಕು ಹಿಡಿದಿರುತ್ತವೆ. ಹೊರಡುವ ಮೊದಲು ಹೆಚ್ಚಿನವರು ಅಡಿಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸುತ್ತಾರೆ. ಅದು ಚಾಸಿ ನಂಬರಿನ ಮೇಲೂ ಬಿದ್ದು ಅಂಕೆ ಮುಚ್ಚಿಹೋಗಿರುವುದುಂಟು. ಮಾರಿದರೂ ವಾಪಸು ತಂದರೂ ಕಸ್ಟಮ್ಸಿನವರು ಮೊದಲು ನೋಡುವುದು ಆ ನಂಬರನ್ನೇ. ಸೀಮೆಎಣ್ಣೆ ಅಥವಾ ಥಿನ್ನರ್ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ ಅಂಕೆ ಕಾಣುವ ಹಾಗೆ ಮಾಡಲಿ. ತಂತಿ ಬ್ರಶ್ಶಿನಿಂದ ತಿಕ್ಕಬೇಡಿ, ಗೀರು ಬಿದ್ದ ಚಾಸಿ ನಂಬರ್ ಕಂಡರೆ ಅಧಿಕಾರಿಗಳಿಗೆ ಸಂಶಯ ಬರುತ್ತದೆ.

ಹಾಗಾದರೆ ಆ ಗ್ಯಾರೇಜಿನವರಿಗೆ ಈ ಕಾರು ಯಾಕೆ ಬೇಕು? ಬಿಡಿಭಾಗಕ್ಕಿರಬಹುದು, ತೋಟದೊಳಗೆ ಓಡಿಸಲಿಕ್ಕಿರಬಹುದು, ನೋಂದಣಿಯ ಕಷ್ಟ ತಿಳಿಯದೆಯೂ ಕೇಳುತ್ತಿರಬಹುದು. ಬಿಡಿಭಾಗಕ್ಕೆ ಕೊಂಡರೂ ಸುಂಕ ತಪ್ಪುವುದಿಲ್ಲ. ಅವರು ಟ್ಯೂಫ್ ಕಚೇರಿಗೆ ಆರ್‌ಸಿ ನಕಲು ತೋರಿಸಿ ಕೇಳಿ ಬಂದಿದ್ದಾರೆಯೇ ಎಂದು ವಿಚಾರಿಸಿ. ಕೇಳಿಲ್ಲವಾದರೆ, ಆರು ವಾರದ ನಂತರ ನೋಂದಣಿ ಆಗುವುದಿಲ್ಲ ಎಂದು ಗೊತ್ತಾಗಿ ದುಡ್ಡು ವಾಪಸು ಕೇಳುವ ಸರದಿ ಬರುತ್ತದೆ.

ಕಾರ್ನೆಟ್ಟಿನ ವಿಷಯಕ್ಕೆ ಬರೋಣ. ಇದರಲ್ಲಿ ಒಂದು ಠಸ್ಸೆ ತಪ್ಪಿದರೆ ಕಾರಿನ ಬೆಲೆಗಿಂತ ದೊಡ್ಡ ಮೊತ್ತ ಸಿಕ್ಕಿಬೀಳಬಹುದು. ಕಾರ್ನೆಟ್ ಎಂದರೆ, ಈ ಕಾರು ಹೊರಗೆ ಬಾರದಿದ್ದರೆ ಸುಂಕ ನಾವು ಕೊಡುತ್ತೇವೆ ಎಂದು ಇಲ್ಲಿಯ ಆಟೋಮೊಬೈಲ್ ಸಂಘ ಬೇರೆ ದೇಶಗಳ ಕಸ್ಟಮ್ಸಿಗೆ ಕೊಟ್ಟ ಮಾತು. ಆ ಮಾತಿಗೆ ಆಧಾರವಾಗಿ ಅಣ್ಣ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಇಟ್ಟಿರುತ್ತಾರೆ. ಪುಸ್ತಕದ ಪ್ರತಿ ಹಾಳೆಗೂ ಮೂರು ಪಟ್ಟಿ. ಒಳಗೆ ಹೋಗುವಾಗ ಕೆಳಗಿನ ಪಟ್ಟಿಯನ್ನು ಕಸ್ಟಮ್ಸಿನವರು ಹರಿದಿಟ್ಟುಕೊಳ್ಳುತ್ತಾರೆ, ಹೊರಗೆ ಬರುವಾಗ ನಡುವಿನದನ್ನು. ಮೇಲಿನ ಪಟ್ಟಿ ಪುಸ್ತಕದಲ್ಲೇ ಉಳಿಯುತ್ತದೆ. ಅದರ ಮೇಲೆ ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು ಠಸ್ಸೆ, ಸಹಿ, ತಾರೀಖು ಇರಬೇಕು. ಟರ್ಕಿ, ಬಲ್ಗೇರಿಯಾ, ಜರ್ಮನಿಯಲ್ಲಿ ಕಾರ್ನೆಟ್ ಬೇಕಿಲ್ಲ. ಆದ್ದರಿಂದ ನೋಡಬೇಕಾದ್ದು ಎರಡು ಹಾಳೆ, ಯುಎಇಯದ್ದು ಮತ್ತು ಇರಾನಿನದ್ದು. ಹಡಗು, ಫೆರಿಯ ಗಡಿಬಿಡಿಯಲ್ಲಿ ಯುಎಇಯಿಂದ ಹೊರಟ ಠಸ್ಸೆ ತಪ್ಪುವುದುಂಟು. ಎರಡೂ ಹಾಳೆಯ ಫೋಟೋ ತೆಗೆದು ಇವತ್ತೇ ಕಳಿಸಲು ಹೇಳಿ.

ಠಸ್ಸೆ ತಪ್ಪಿದ್ದರೂ ದಾರಿ ಉಂಟು. ಕಾರ್ನೆಟ್ಟಿನ ಕೊನೆಗೆ 'ವಾಹನ ಇಂಥಲ್ಲಿದೆ' ಎಂದು ದೃಢೀಕರಿಸುವ ನಮೂನೆ ಇರುತ್ತದೆ. ಕಸ್ಟಮ್ಸ್ ಅಥವಾ ಬೇರೆ ಅಧಿಕೃತ ಅಧಿಕಾರಿಯೊಬ್ಬರು ಕಾರನ್ನು ಕಣ್ಣಾರೆ ನೋಡಿ, ಚಾಸಿ ನಂಬರ್ ತಾಳೆ ಹಾಕಿ, ಇಂಥ ದಿನ ಕಾರು ಈ ದೇಶದಲ್ಲಿ ಇತ್ತು ಎಂದು ಸಹಿ ಹಾಕಿದರೆ, ಅದು ಯುಎಇಯಲ್ಲಿ ಉಳಿದಿಲ್ಲ ಎಂಬುದಕ್ಕೆ ಪುರಾವೆಯಾಗುತ್ತದೆ. ಯಾರ ಸಹಿ ನಡೆಯುತ್ತದೆ ಎಂದು ಕಾರ್ನೆಟ್ ಕೊಟ್ಟ ಸಂಘದಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ. ನೆನಪಿರಲಿ, ಸಹಿಗೆ ಕಾರು ಎದುರಿಗೆ ಇರಬೇಕು. ಮಾರಿ, ಬಿಚ್ಚಿ, ಗುಜರಿಗೆ ಹೋದ ಮೇಲೆ ತೋರಿಸಲು ಏನಿರುತ್ತದೆ? ಠಸ್ಸೆ ತಪ್ಪಿದ ದೇಶದ ಕಸ್ಟಮ್ಸ್, ಕಾರ್ನೆಟ್ ಅವಧಿ ಮುಗಿದು ಒಂದು ವರ್ಷದವರೆಗೂ ನೋಟಿಸು ಕೊಡಬಹುದು. ಅಷ್ಟರಲ್ಲಿ ಎಲ್ಲರೂ ಕಾರನ್ನು ಮರೆತಿರುತ್ತಾರೆ.

ಇಷ್ಟಾದ ಮೇಲೂ ಮಾರುವುದೇ ಸೈ ಎಂದಾದರೆ ಕ್ರಮ ಹೀಗಿರಲಿ. ಮೊದಲು ಸಂಘಕ್ಕೆ ಬರೆದು, ಮಾರಲು ಲಿಖಿತ ಒಪ್ಪಿಗೆ ಪಡೆಯಿರಿ, ಗ್ಯಾರಂಟಿ ಬಿಡಿಸಲು ಯಾವ ಕಾಗದ ಬೇಕೆಂದೂ ಕೇಳಿಕೊಳ್ಳಿ. ಆಮೇಲೆ ಷರತ್ತಿನ ಒಪ್ಪಂದ: ಇಬ್ಬರ ಪೂರ್ಣ ಹೆಸರು, ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ ನಂಬರ್, ಚಾಸಿ ಮತ್ತು ಎಂಜಿನ್ ನಂಬರ್, ಓಡಿದ ಕಿಲೋಮೀಟರ್, ಬೆಲೆ. ಜೊತೆಗೆ ಈ ಮಾತುಗಳು: ಸುಂಕ, ವ್ಯಾಟ್ ಇನ್ನೂ ಕಟ್ಟಿಲ್ಲ, ಅದನ್ನು ಕೊಳ್ಳುವವರು ಕಟ್ಟುತ್ತಾರೆ, ಕಾರನ್ನು ಇದ್ದ ಸ್ಥಿತಿಯಲ್ಲಿ, ಗ್ಯಾರಂಟಿ ಇಲ್ಲದೆ ಖಾಸಗಿಯಾಗಿ ಮಾರಲಾಗಿದೆ, ಜರ್ಮನ್ ನೋಂದಣಿ ಸಿಗದಿದ್ದರೂ ಹಣ ವಾಪಸಿಲ್ಲ. ಕೊನೆಯ ಮಾತನ್ನು ಬಿಡದೆ ಬರೆಸಿ. ಇಷ್ಟಾದ ಮೇಲೆ ಇಬ್ಬರೂ ಕಾರಿನೊಂದಿಗೆ ಹತ್ತಿರದ ಕಸ್ಟಮ್ಸ್ ಕಚೇರಿಗೆ, ಅಂದರೆ ಅಲ್ಲಿಯವರು ತ್ಸೋಲ್‌ಆಮ್ಟ್ ಎನ್ನುವಲ್ಲಿಗೆ, ಹೋಗಬೇಕು. ಆಮದು ಘೋಷಣೆ ಕೊಳ್ಳುವವರ ಹೆಸರಿನಲ್ಲಿರಲಿ. ಸಾಮಾನ್ಯ ನಿಯಮದಂತೆ ಘೋಷಣೆ ಮಾಡುವವರು ಒಕ್ಕೂಟದೊಳಗೆ ನೆಲೆಸಿದವರಾಗಿರಬೇಕು. ಸಾಲದ್ದಕ್ಕೆ, ಗ್ಯಾರೇಜು ವ್ಯಾಟ್ ನೋಂದಣಿ ಹೊಂದಿದ್ದು ಕಾರನ್ನು ವ್ಯಾಪಾರಕ್ಕೇ ಕೊಂಡರೆ ಆಮದಿನ ವ್ಯಾಟನ್ನು ಅವರು ವಾಪಸು ಪಡೆಯಬಹುದು. ಬೆಲೆ ಮಾತಾಡುವಾಗ ಇದನ್ನು ಅವರಿಗೆ ನೆನಪಿಸಿ.

ಸುಂಕ ಕಟ್ಟಿದ ಆದೇಶ ಪತ್ರದ ನಕಲು, ಕಸ್ಟಮ್ಸಿನ ಆಕ್ಷೇಪವಿಲ್ಲ ಎಂಬ ಪತ್ರದ ನಕಲು ಕೈಗೆ ಬಂದು, ಬ್ಯಾಂಕಿನಲ್ಲಿ ಹಣ ಜಮೆಯಾದ ಮೇಲೆಯೇ ಕೀ ಕೊಡಬೇಕು. ಕೊಟ್ಟ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆಸಿಕೊಳ್ಳಿ. ಕೆಎ 20 ಪ್ಲೇಟುಗಳೆರಡನ್ನೂ ಬಿಚ್ಚಿ ಊರಿಗೆ ತರಲಿ. ನೆನಪಿಗಾಗಿ ಗ್ಯಾರೇಜಿನ ಗೋಡೆಯಲ್ಲಿ ತೂಗುಹಾಕುತ್ತೇವೆ ಎಂದು ಕೇಳಿದರೂ ಕೊಡುವುದು ಬೇಡ.

ಹಣವನ್ನು ಅಣ್ಣನ ಇಲ್ಲಿಯ ಖಾತೆಗೇ ಬ್ಯಾಂಕಿನ ಮೂಲಕ ಹಾಕಿಸಿ. ಮಗನ ಜರ್ಮನ್ ಖಾತೆಗೆ ಹಾಕಿಸಿ ಆಮೇಲೆ ತರಿಸಿದರೆ ಅದು ಮಗ ಕಳಿಸಿದ ಹಣವೋ ಕಾರಿನ ಹಣವೋ ಎಂಬ ಗೊಂದಲ. ಇಲ್ಲಿ ವಾಸಿಸುವ ವ್ಯಕ್ತಿಯ ಕೈಗೆ ಬಂದ ವಿದೇಶಿ ಹಣವನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕೆಂದು ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮ. ಮಾರಾಟ ಒಪ್ಪಂದದ ನಕಲನ್ನು ಬ್ಯಾಂಕಿಗೆ ಮುಂಚಿತವಾಗಿ ಕೊಟ್ಟಿರಿ. ನಗದಾಗಿ ತರುವುದಾದರೆ, 10,000 ಯೂರೋ ಅಥವಾ ಮೇಲಿದ್ದರೆ ಒಕ್ಕೂಟ ಬಿಡುವಾಗ ಘೋಷಿಸಬೇಕು. ಇಲ್ಲಿ ಇಳಿಯುವಾಗ ನೋಟುಗಳೇ 5,000 ಡಾಲರಿಗೆ ಸಮನಾದ ಮೊತ್ತ ಮೀರಿದರೆ ಘೋಷಣೆ ಕಡ್ಡಾಯ, 5,348 ಯೂರೋ ಆ ಮಿತಿಯ ಮೇಲೆಯೇ ಬರುತ್ತದೆ. ಸ್ವಂತ ಬಳಕೆಯ ಕಾರಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ವ್ಯವಹಾರದ ಲೆಕ್ಕದಲ್ಲಿ ಸವಕಳಿ ತೋರಿಸಿದ್ದರೆ ಮಾತ್ರ ಆಡಿಟರರ ಹತ್ತಿರ ಹೋಗಿ.

ಬೇರೆ ದೇಶದಲ್ಲಿ ಮಾರಿದರೆ ಹೇಗೆ ಎಂಬ ಯೋಚನೆ ಬಂದೀತು. ಯುಎಇಯಲ್ಲಿ ಬಲಗಡೆ ಸ್ಟೀರಿಂಗಿನ ಕಾರಿಗೆ ನೋಂದಣಿ ಇಲ್ಲ. ಟರ್ಕಿಯಲ್ಲಿ ಕಾರು ಯಾತ್ರಿಕರ ಪಾಸ್‌ಪೋರ್ಟಿನ ಲೆಕ್ಕಕ್ಕೆ ಅಂಟಿಕೊಂಡಿರುತ್ತದೆ, ಅಲ್ಲಿ ಬಿಟ್ಟು ಬರುವ ಮಾತೇ ಇಲ್ಲ. ಉಳಿಯುವುದು ಬ್ರಿಟನ್. ಅಲ್ಲಿ ಸ್ಟೀರಿಂಗ್ ನಮ್ಮ ಹಾಗೆಯೇ, ಹೆಡ್‌ಲೈಟಿನ ತಕರಾರೂ ಇಲ್ಲ. ಸುಂಕ 10, ವ್ಯಾಟ್ 20 ಪರ್ಸೆಂಟ್. ಆದರೆ ಹತ್ತು ವರ್ಷ ತುಂಬದ ಕಾರಿಗೆ ಅಲ್ಲಿಯೂ ಒಂಟಿ ವಾಹನ ತಪಾಸಣೆ ಆಗಬೇಕು. ಮೈಲಿಯ ಸ್ಪೀಡೋಮೀಟರ್, ಬಲಗಡೆ ಅಥವಾ ನಡುವೆ ಹಿಂದಿನ ಮಂಜುದೀಪ, ಹೊಗೆಯ ಪುರಾವೆ ಎಲ್ಲ ಕೇಳುತ್ತಾರೆ. 2018ರ ಬಿಎಸ್ 4 ಕಾರು ಹೊಗೆಯಲ್ಲೇ ಎಡವುತ್ತದೆ. ಲಂಡನ್ನಿನಲ್ಲಿ ಯೂರೋ 6 ಅಲ್ಲದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಹೊಗೆ ಶುಲ್ಕವೂ ಉಂಟು, ಅಂಥ ಕಾರಿಗೆ ಗಿರಾಕಿ ಎಲ್ಲಿಂದ ಬಂದಾರು? ಕಾರು ಹತ್ತು ವರ್ಷ ದಾಟಿದ್ದರೆ ಬ್ರಿಟನ್ನಿಗೆ ಹೋಗಿ ಎಂದು ಹೇಳಬಹುದಿತ್ತು.

ಆದ್ದರಿಂದ ನಿಮ್ಮ ಅಣ್ಣನ ಕಾರಿಗೆ ನನ್ನ ಸಲಹೆ, ವಾಪಸು ತರಿಸಿ. ನಮ್ಮಲ್ಲಿ ಅದರ ನೋಂದಣಿ 2033ರವರೆಗೆ ಉಂಟು, ರಸ್ತೆ ತೆರಿಗೆ ಕಟ್ಟಿ ಆಗಿದೆ, ಉಡುಪಿ, ಮಂಗಳೂರಿನಲ್ಲಿ ಡೀಸೆಲ್ ಎಸ್‌ಯುವಿಗೆ ಗಿರಾಕಿಗಳಿಗೆ ಬರವಿಲ್ಲ. ಇಲ್ಲಿ ಬರಬಹುದಾದ ಬೆಲೆಯಿಂದ ಹಡಗಿನ ಖರ್ಚು ಕಳೆದು, ಉಳಿದದ್ದನ್ನು 5,348 ಯೂರೋದ ಪಕ್ಕದಲ್ಲಿಟ್ಟು ನೋಡಿ. ಹಡಗಿನ ದರ ಕೇಳುವಾಗ ಬಂದರಿನಿಂದ ಬಂದರಿಗೆ ಎಷ್ಟು ಎಂದು ಮಾತ್ರ ಕೇಳಿದರೆ ಮೋಸ ಹೋಗುತ್ತೀರಿ. ಮುಂಬೈಯಲ್ಲಿ ಇಳಿಸುವ ಖರ್ಚು, ಡೆಲಿವರಿ ಆರ್ಡರ್ (ಕಾರು ಬಿಡಿಸಿಕೊಳ್ಳಲು ಹಡಗಿನ ಕಂಪನಿ ಕೊಡುವ ಪತ್ರ), ಕಸ್ಟಮ್ಸ್ ಏಜೆಂಟರ ಫೀಸು, ಬಂದರಿನಲ್ಲಿ ಬಿಟ್ಟಿಯಾಗಿ ಇಡುವ ದಿನಗಳು ಮುಗಿದ ಮೇಲಿನ ಬಾಡಿಗೆ, ಎಲ್ಲ ಬಿಡಿಸಿ ಬರೆದ ಕೊಟೇಶನ್ ತರಿಸಿ.

ಬ್ರೆಮರ್‌ಹಾಫನ್, ಆಂಟ್‌ವೆರ್ಪ್ ಕಡೆಯಿಂದ ಕಾರು ಎರಡು ಬಗೆಯಲ್ಲಿ ಹೋಗುತ್ತದೆ. ಓಡಿಸಿ ಹತ್ತಿಸುವ ರೋ-ರೋ ಹಡಗಿನಲ್ಲಿ ಕೀ ಅವರ ಕೈಯಲ್ಲಿರುತ್ತದೆ, ಒಳಗೆ ಒಂದು ಚಮಚವನ್ನೂ ಬಿಡಬೇಡಿ. 20 ಅಡಿಯ ಕಂಟೇನರಿನಲ್ಲಿ ಬೀಗ ನಿಮ್ಮದು. ಅದರ ಬಾಗಿಲ ಎತ್ತರ ಸುಮಾರು 2.28 ಮೀಟರ್, ಒಳ ಉದ್ದ ಸುಮಾರು 5.9 ಮೀಟರ್. ಮೇಲೆ ಡೇರೆ ಅಥವಾ ಕ್ಯಾರಿಯರ್ ಇದ್ದರೆ ನೆಲದಿಂದ ಅಳೆದು ನೋಡಿ, ಹೆಚ್ಚಿನ ಸಲ ಬಿಚ್ಚಬೇಕಾಗುತ್ತದೆ. ಡೀಸೆಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇರಲಿ, ಬ್ಯಾಟರಿಯ ವಯರು ಕಳಚಿರಲಿ, ಚಕ್ರಗಳಿಗೆ ಮರದ ಅಡೆ ಕೊಟ್ಟು ಬೆಲ್ಟಿನಿಂದ ಬಿಗಿದದ್ದರ ಫೋಟೋ ತೆಗೆಯಲಿ.

ಹೊರಗೆ ಹೋದ ಬಂದರಿಗೇ ತರಿಸಿ. ನವಮಂಗಳೂರು ಬಂದರು ಮನೆಗೆ ಹತ್ತಿರ ಎಂದು ಆಸೆಯಾಗುತ್ತದೆ, ಆದರೆ ಕಾರು ಹೋದ ದಾಖಲೆ ಇರುವುದು ಮುಂಬೈ ಕಸ್ಟಮ್ಸಿನಲ್ಲಿ. ಹೋದ ಸರಕೇ ಮೂರು ವರ್ಷದೊಳಗೆ, ಮಾಲೀಕರು ಬದಲಾಗದೆ ವಾಪಸು ಬಂದರೆ ಮರು ಆಮದಿಗೆ ಸುಂಕ ವಿನಾಯಿತಿ ಉಂಟು. ಮಾಲೀಕರು ಬದಲಾಗದೆ ಎಂಬುದನ್ನು ಗಮನಿಸಿ. ಗ್ಯಾರೇಜಿನವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಆಮೇಲೆ ಮುರಿದರೆ ಈ ಷರತ್ತಿಗೂ ಪೆಟ್ಟು ಬೀಳಬಹುದು. ಹೋಗುವಾಗ ಕಸ್ಟಮ್ಸಿಗೆ ಕೊಟ್ಟ ರಫ್ತು ಘೋಷಣೆ (ಶಿಪ್ಪಿಂಗ್ ಬಿಲ್), ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದರ ನಕಲು, ಆರ್‌ಸಿ, ಕಾರ್ನೆಟ್, ಪಾಸ್‌ಪೋರ್ಟ್, ಹಡಗಿನ ಕಂಪನಿ ಕೊಡುವ ಸರಕಿನ ರಶೀದಿ (ಬಿಲ್ ಆಫ್ ಲೇಡಿಂಗ್) ಒಂದೇ ಫೈಲಿನಲ್ಲಿರಲಿ. ದಾರಿಯಲ್ಲಿ ಎಂಜಿನ್ ಬದಲಿಸಿದ್ದರೆ ಈಗಲೇ ಏಜೆಂಟರಿಗೆ ಹೇಳಿ. ಕಾರು ಇಳಿದ ದಿನವೇ ಕಾರ್ನೆಟ್ಟಿನ ಕೊನೆಯ ನಮೂನೆಗೆ ಮುಂಬೈ ಕಸ್ಟಮ್ಸಿನ ಸಹಿ ಹಾಕಿಸಿ ಸಂಘಕ್ಕೆ ಒಪ್ಪಿಸಿದರೆ ಗ್ಯಾರಂಟಿ ಬಿಡಿಸಿಕೊಳ್ಳುವುದು ಸಲೀಸು.

ಉಡುಪಿಯಲ್ಲಿ ನೀವು ಮಾಡಬೇಕಾದ್ದು. ಆರ್‌ಟಿಒದಿಂದ ಬಿ-ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಚಾಸಿ, ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಕಾರಿನ ಸಾಲ ತೀರಿ ವರ್ಷಗಳಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುವುದು ಸಾಮಾನ್ಯ. ಹಾಗಿದ್ದರೆ ಬ್ಯಾಂಕಿನ ಎನ್ಒಸಿ, ಫಾರ್ಮ್ 35 ಕೊಟ್ಟು ತೆಗೆಸಬೇಕು, ಮಾರುವುದಾದರೆ ಇದಿಲ್ಲದೆ ಹೆಜ್ಜೆ ಮುಂದಿಡಬೇಡಿ. ನಿಜವಾಗಿ ಮಾರಾಟವಾದರೆ ಮೂಲ ಆರ್‌ಸಿ ಕೊಳ್ಳುವವರಿಗೂ ಬೇಕು, ನಮ್ಮ ಆರ್‌ಟಿಒಗೂ ಬೇಕು. ಅಲ್ಲಿ ಕೊಟ್ಟಿದ್ದಕ್ಕೆ ರಶೀದಿ ಪಡೆದು, ಒಪ್ಪಂದ ಮತ್ತು ಸುಂಕದ ಪತ್ರದ ಇಂಗ್ಲಿಷ್ ಅನುವಾದ, ಪ್ಲೇಟುಗಳ ಸಹಿತ ನೋಂದಣಿ ರದ್ದತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಹನ ಇಲ್ಲದೆ ದಾಖಲೆ ಮಾತ್ರ ಜೀವಂತ ಇದ್ದರೆ, ಕದ್ದ ಕಾರಿಗೆ ಅದೇ ಚಾಸಿ ನಂಬರ್ ಕೊರೆದು ಓಡಿಸುವವರಿಗೆ ಅನುಕೂಲ. ವಿಮೆ ರದ್ದು ಮಾಡಿಸುವುದು, ಫಾಸ್ಟ್ಯಾಗ್ ಖಾತೆ ಮುಚ್ಚಿಸುವುದು ಅರ್ಧ ದಿನದ ಕೆಲಸ.

ವಾಪಸು ತರಿಸುವುದಾದರೆ ಇವೆರಡನ್ನೂ ಮುಟ್ಟಬೇಡಿ. ವಿಮೆಯ ಕಂತು ತಪ್ಪದಂತೆ, ಹೊಗೆ ತಪಾಸಣೆ ಮುಂಬೈಯಲ್ಲೇ ಆಗುವಂತೆ ನೋಡಿಕೊಳ್ಳಿ. ಮುಂಬೈಯಿಂದ ಉಡುಪಿಯವರೆಗೆ ಕಾರು ಓಡಿಕೊಂಡೇ ಬರಬೇಕಲ್ಲ.

ಗ್ಯಾರೇಜಿನವರಿಗೆ ಅಣ್ಣ ನಾಳೆ ಹೇಳಬೇಕಾದ್ದು ಇಷ್ಟು: "ಟ್ಯೂಫ್ ಕಚೇರಿಯಿಂದ ನೋಂದಣಿ ಆಗುತ್ತದೆ ಎಂದು ಬರೆಸಿ ತನ್ನಿ, ಕಸ್ಟಮ್ಸ್ ಕಚೇರಿಗೆ ಒಟ್ಟಿಗೆ ಹೋಗೋಣ, ಸುಂಕ ಕಟ್ಟಿ, ಹಣ ಬ್ಯಾಂಕಿಗೆ ಜಮೆಯಾದ ಮೇಲೆ ಕೀ ಕೊಡುತ್ತೇನೆ." ಒಂದು ವಾರದಲ್ಲಿ ಆ ಪತ್ರ ಬಾರದಿದ್ದರೆ ಹಡಗಿನಲ್ಲಿ ಜಾಗ ಕಾದಿರಿಸಿ. ಬಂದರಿನಲ್ಲಿ ಕಾರು ಒಪ್ಪಿಸುವಾಗ ಅಣ್ಣ ಖುದ್ದಾಗಿ ಅಲ್ಲಿರಬೇಕು, ಉಳಿದ 17 ದಿನ ಅದಕ್ಕೆ ಬೇಕಾಗುತ್ತದೆ.